ಪಾರಿವಾಳ ಹೋಯಿತು, ಅಪವಾದ ಹದ್ದಿಗೆ!

ಪೇಟೆ ಗಲ್ಲಿಗಳಲ್ಲಿ ಪಾರಿವಾಳ ಸಾಕುವವರದ್ದು ಚಳಿ ಬಂತೆಂದರೆ ಒಂದೇ ಗೋಳು: ಹದ್ದಿನ ಕಾಟ! ಅಂಗಡಿ ಕಟ್ಟೆಯ ಮೇಲೆ ಕೂತು ಹೋದ ಹಕ್ಕಿಗಳ ಲೆಕ್ಕ ಹೇಳುತ್ತಾರೆ, ಜೊತೆಗೇ ಕ್ಯಾಟರ್‌ಬಿಲ್ಲಿಗೆ ರಬ್ಬರ್ ಕಟ್ಟುತ್ತಾರೆ. ಬಸ್ಸಿಗೆ ಕಾದು ನಿಂತವರ ತಲೆ ಮೇಲೆ ಕಲ್ಲು ಹಾರುತ್ತದೆ. ಗುರಿ ಮಾತ್ರ ಪಾಪ, ಹದ್ದು.

ಹದ್ದು ಕಳ್ಳ ಹೌದು, ಆದರೆ ಚಿಲ್ಲರೆ ಕಳ್ಳ. ಮಾಂಸದಂಗಡಿ ಹಿಂದಿನ ಚೂರು, ಸತ್ತ ಇಲಿ, ತಿಪ್ಪೆ. ಅವನ ಸಂಸಾರ ಸಾಗುವುದು ಅಲ್ಲೇ. ಮುಚ್ಚಿಲ್ಲದ ಗೂಡಿನಿಂದ ಮರಿ ಎತ್ತಿಯಾನು, ಕಾಯಿಲೆ ಹಕ್ಕಿಯನ್ನು ಹಿಡಿದಾನು. ಗಟ್ಟಿ ರೆಕ್ಕೆಯ ಪಾರಿವಾಳವನ್ನು ಅಟ್ಟಿ ಹಿಡಿಯುವುದು ಅವನಿಗೆ ಅಪರೂಪದ ಮಾತು.

ಅಸಲಿ ಬೇಟೆಗಾರರು ಬೇರೆ ಇದ್ದಾರೆ. ಒಂದು ಬಿಜ್ಜು, ಶಿಕ್ರಾ ಅಂತಲೂ ಅಂತಾರೆ. ಗಾತ್ರದಲ್ಲಿ ಪಾರಿವಾಳಕ್ಕಿಂತ ದೊಡ್ಡದೇನಲ್ಲ. ಎಲೆ ಮರೆಯಲ್ಲಿ ಕೂತು ಕಾಯುತ್ತದೆ. ಕಾಳು ಚೆಲ್ಲಿದ ತಾರಸಿಯ ಮೇಲೆ ಹಕ್ಕಿಗಳು ತಲೆ ತಗ್ಗಿಸಿದ ಹೊತ್ತು ನೋಡಿ ತಗ್ಗಿನಲ್ಲೇ ನುಗ್ಗುತ್ತದೆ. ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಬೇರೆ ಮರ. ಓತಿಕ್ಯಾತ, ಅಳಿಲು, ಸಣ್ಣ ಹಕ್ಕಿಗಳೇ ಅದರ ದಿನದ ಊಟ. ಗಂಡಿಗಿಂತ ಹೆಣ್ಣು ದೊಡ್ಡದು, ಪಾರಿವಾಳದ ಮೇಲೆ ಬೀಳುವ ತಾಕತ್ತು ಅದಕ್ಕೇ ಜಾಸ್ತಿ.

ಇನ್ನೊಂದರ ಸಮಾಚಾರವೇ ಬೇರೆ. ಪೆರೆಗ್ರಿನ್ ಎಂಬ ಡೇಗೆ! ಇದರಲ್ಲಿ ಶಾಹೀನ್ ಎಂಬುದು ಇಲ್ಲಿಯದೇ, ಬಂಡೆಬೆಟ್ಟಗಳಲ್ಲಿ ಗೂಡು ಮಾಡುತ್ತದೆ. ಚಳಿಗಾಲಕ್ಕೆ ಸೈಬೀರಿಯಾ ಕಡೆಯಿಂದಲೂ ನೆಂಟರು ಬರುತ್ತಾರೆ. ಈ ನೆಂಟರಿಗೆ ಟವರ್, ಎತ್ತರದ ಕಟ್ಟಡಗಳೆಂದರೆ ಬಲು ಇಷ್ಟ. ಮೇಲೇರಿ, ಕೆಳಗೆ ಹಾರುವ ಹಿಂಡು ನೋಡಿ, ರೆಕ್ಕೆ ಮಡಚಿ ಧುಮುಕಿದರೆ ಗಂಟೆಗೆ 300 ಕಿ.ಮೀ. ದಾಟುತ್ತದೆ. (ಎಕ್ಸ್‌ಪ್ರೆಸ್ ಬಸ್ಸಿನ ವೇಗ ಓದುಗರೇ ಬಲ್ಲರು.) ಕಾಲಿನ ಏಟು ಬಿತ್ತೆಂದರೆ ಗಾಳಿಯಲ್ಲೇ ಗರಿ ಚೆಲ್ಲುತ್ತದೆ. ಉಳಿದದ್ದನ್ನು ಕೊಕ್ಕಿನ ಹಲ್ಲಿನಂಥ ಮೊನೆ ಮುಗಿಸುತ್ತದೆ, ಕತ್ತಿಗೆ ಒಂದೇ ಕಡಿತ. ಪಾರಿವಾಳಕ್ಕೆ ಉಳಿದ ಉಪಾಯ ಕಡೇ ಗಳಿಗೆಯಲ್ಲಿ ಪಕ್ಕಕ್ಕೆ ಉರುಳುವುದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವರ್ಷಗಟ್ಟಲೆ ನೋಡಿದವರು 2005ರಲ್ಲಿ ಬರೆದ ಪ್ರಕಾರ, ಬಾಲದ ಮೇಲ್ಭಾಗ ಬೆಳ್ಳಗಿದ್ದ ಪಾರಿವಾಳಗಳು ಡೇಗೆಗೆ ಸಿಗುವುದು ತೀರ ಕಡಿಮೆ. ಉರುಳುವಾಗ ಆ ಬಿಳಿ ಮಿಂಚಿ ಬೇಟೆಗಾರನ ಕಣ್ಣು ತಪ್ಪಿಸುತ್ತದಂತೆ. ಚಂದಕ್ಕೆಂದು ಬಣ್ಣ ಬದಲಿಸಿ ತಳಿ ಮಾಡುವವರು ಇದನ್ನು ಯೋಚಿಸಿದ್ದಾರೆಯೇ?

ಹಿಂಡು ಒತ್ತಾಗಿದ್ದರೆ ಡೇಗೆಗೆ ಕಷ್ಟ, ಹಿಂದುಳಿದ ಒಂಟಿ ಹಕ್ಕಿಗೆ ಗಂಡಾಂತರ. ಸಾಕುವವರ ಪಾಲು ಇರುವುದು ಇಲ್ಲೇ. ಬಾಜಿ ಕಟ್ಟಿ ಗಂಟೆಗಟ್ಟಲೆ ಹಾರಿಸುತ್ತಾರೆ. ದಣಿದದ್ದು ಹಿಂಡು ಬಿಡುತ್ತದೆ. ದಿನವೂ ಅದೇ ಹೊತ್ತಿಗೆ ಗೂಡು ತೆರೆಯುತ್ತಾರೆ. ಬಿಜ್ಜುವಿಗೆ ಗಡಿಯಾರ ಬೇರೆ ಬೇಕೇ? ಅದೂ ಅಲ್ಲದೆ ಹೋದದ್ದೆಲ್ಲ ಆಕಾಶಕ್ಕೇ ಹೋಗಿಲ್ಲ. ತಾರಸಿಯ ಮೇಲೆ ಗರಿಗಳು ಬುಡಸಮೇತ ಕಿತ್ತು ಒಂದೇ ಕಡೆ ಬಿದ್ದಿದ್ದರೆ ಗಿಡುಗದ ಕೆಲಸ ಅನ್ನಬಹುದು. ಗರಿಯ ಬುಡವೇ ಕಡಿದು ಹೋಗಿದ್ದರೆ ಹುಡುಕಬೇಕಾದ್ದು ಪಕ್ಕದ ಮನೆ ಬೆಕ್ಕನ್ನು!

ಕಲ್ಲು ಸಾಲದೆಂದು ಅಂಟು, ವಿಷ ಇಡುವ ಮಾತೂ ಕಟ್ಟೆಯ ಮೇಲೆ ಬರುತ್ತದೆ. ಬೇಟೆ ಹಕ್ಕಿಗಳನ್ನು ಕೊಲ್ಲುವುದು, ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಜೈಲಿಗೆ ಹಾಕುವ ಅಪರಾಧ. ವಿಷದ ತುಂಡು ತಿನ್ನುವ ಬೀದಿನಾಯಿಗೂ, ತಾರಸಿ ಮೇಲೆ ಆಡುವ ಮಗುವಿಗೂ ಹದ್ದಿನ ಗುರುತು ಹಾಕಿರುವುದಿಲ್ಲ. ಗೂಡಿಗೆ ಮೇಲೂ ಜಾಲರಿ ಹೊಡೆಸಿ, ಬಿಡುವ ಹೊತ್ತನ್ನು ಹಿಂದುಮುಂದು ಮಾಡಿ, ಚಳಿಯ ಮೂರು ತಿಂಗಳು ಎಳೆ ಹಕ್ಕಿಗಳನ್ನು ಒಳಗೇ ಇಟ್ಟರೆ ಆಗದೇನು? ಬಾಜಿಗೆ ದುಡ್ಡು ಹುಟ್ಟುತ್ತದೆ, ಜಾಲರಿಗೆ ಹುಟ್ಟುವುದಿಲ್ಲ ಅಂದರೆ ಹದ್ದು ತಾನೇ ಏನು ಮಾಡೀತು, ಸ್ವಾಮಿ?