ತಂದೆಯ ಕೊನೆಯ ಮಾತು

ಅಗಲಿದವರ ಧ್ವನಿಯನ್ನು ಇನ್ನೊಮ್ಮೆ ಕೇಳಬೇಕೆಂಬ ಹಂಬಲ ಮನುಷ್ಯ ಸಹಜವಾದುದು. ಆ ಹಂಬಲವನ್ನೇ ಬಂಡವಾಳವಾಗಿಸಿಕೊಂಡು ಬದುಕುವವರು ಎಲ್ಲ ಕಾಲಗಳಲ್ಲೂ ಇದ್ದಾರೆ. ಭೀತಿ ಹುಟ್ಟಿಸುವ ಟಿವಿ ಕಾರ್ಯಕ್ರಮಗಳಿಂದ ಮಕ್ಕಳನ್ನು ದೂರವಿಡಬೇಕೆಂದು ನಾವು ಹೇಳುತ್ತೇವೆ. ಅದು ಸರಿಯೇ. ಆದರೆ ಅಂತಹ ಒಂದು ಕಂತು ಹಿರಿಯರಾದ ನಮ್ಮನ್ನೇ ಚಿಂತನೆಗೆ ಹಚ್ಚುತ್ತದೆ.

ಅಮೆರಿಕದ 'ದಿ ಎಕ್ಸ್-ಫೈಲ್ಸ್' ಧಾರಾವಾಹಿಯ 'ಬಿಯಾಂಡ್ ದ ಸೀ' ಎಂಬ ಕಂತು 1994ರ ಜನವರಿ 7ರಂದು ಪ್ರಸಾರವಾಯಿತು. ತನಿಖಾಧಿಕಾರಿ ಸ್ಕಲಿ ಒಂದು ರಾತ್ರಿ ಎಚ್ಚರಗೊಂಡಾಗ ಎದುರಿನ ಕುರ್ಚಿಯಲ್ಲಿ ತಂದೆ ಕುಳಿತಿರುತ್ತಾರೆ. ತುಟಿಗಳು ಅಲುಗುತ್ತವೆ, ಧ್ವನಿ ಕೇಳಿಸದು. ಅಷ್ಟರಲ್ಲಿ ಫೋನ್ ಮೊಳಗುತ್ತದೆ. ತಂದೆ ತೀರಿಕೊಂಡರೆಂದು ತಾಯಿ ತಿಳಿಸುತ್ತಾರೆ. ವೈದ್ಯವೃತ್ತಿ ಬಿಟ್ಟು ಎಫ್‌ಬಿಐ ಸೇರಿದ ಮಗಳ ಬಗ್ಗೆ ಆ ತಂದೆಗೆ ಅಸಮಾಧಾನವಿತ್ತು. ಅವರಿಗೆ ತನ್ನ ಬಗ್ಗೆ ಹೆಮ್ಮೆಯಿತ್ತೇ ಎಂಬ ಪ್ರಶ್ನೆ ಅವಳನ್ನು ಕೊರೆಯುತ್ತದೆ.

ಇದೇ ಸಂದರ್ಭದಲ್ಲಿ ಮರಣದಂಡನೆಗೆ ಗುರಿಯಾದ ಬಾಗ್ಸ್ ಎಂಬ ಕೊಲೆಗಾರನು ತಾನು ಮೃತರೊಂದಿಗೆ ಮಾತನಾಡಬಲ್ಲೆನೆಂದು ಹೇಳುತ್ತಾನೆ. ತಂದೆ ಅವಳನ್ನು ಪ್ರೀತಿಯಿಂದ ಕರೆಯುತ್ತಿದ್ದ ಹೆಸರನ್ನೇ ಉಚ್ಚರಿಸುತ್ತಾನೆ. ವಿಚಿತ್ರವೆಂದರೆ, ಅಲೌಕಿಕ ಸಂಗತಿಗಳನ್ನು ಸದಾ ನಂಬುವ ಸಹೋದ್ಯೋಗಿ ಮಲ್ಡರ್ ಇಲ್ಲಿ ನಂಬುವುದಿಲ್ಲ. ಏಕೆಂದರೆ ಹೇಳುತ್ತಿರುವವನು ಎಂಥವನೆಂದು ಆತನಿಗೆ ತಿಳಿದಿದೆ.

ನಮಗೆ ಇದರಲ್ಲಿ ಪಾಠವಿದೆ. ಅಗೋಚರದಲ್ಲಿ ವಿಶ್ವಾಸವಿಡುವವರು ನಾವು. ಆದರೆ ಅಗೋಚರದ ಜ್ಞಾನ ಅಲ್ಲಾಹನಿಗೆ ಮಾತ್ರ ಇದೆ. ಅದು ತನಗೆ ತಿಳಿದಿದೆ ಎನ್ನುವ ಪ್ರತಿಯೊಬ್ಬನನ್ನೂ ನಂಬುವುದು ಈಮಾನ್ ಅಲ್ಲ. ದುಷ್ಟನು ಸುದ್ದಿ ತಂದರೆ ಪರಿಶೀಲಿಸಬೇಕೆಂದು ಪವಿತ್ರ ಕುರ್‌ಆನ್ ಆದೇಶಿಸುತ್ತದೆ. ಕಣಿ ಹೇಳುವವನ ಬಳಿ ಹೋಗಿ ಕೇಳಿದವನ 40 ರಾತ್ರಿಗಳ ನಮಾಝ್ ಸ್ವೀಕೃತವಾಗದೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಮೃತರು ಬರ್ಝಖ್‌ನ ತೆರೆಯ ಆಚೆಗಿದ್ದಾರೆ. ಯಾರದೋ ಕರೆಗೆ, ಯಾರದೋ ಶುಲ್ಕಕ್ಕೆ ಅವರು ಬರಲಾರರು. ಹಾಗಿದ್ದೂ ನಮ್ಮ ಕೆಲವು ಮನೆಗಳಲ್ಲಿ ಸಾವಿನ ದುಃಖ ಆರುವ ಮುನ್ನವೇ ಇಂತಹವರ ಬಾಗಿಲು ತಟ್ಟಲಾಗುತ್ತಿದೆ.

ತನ್ನ ಮರಣದಂಡನೆಗೆ ಸಾಕ್ಷಿಯಾಗಿ ಬಂದರೆ ತಂದೆಯ ಸಂದೇಶ ತಿಳಿಸುವೆನೆಂದು ಬಾಗ್ಸ್ ಹೇಳುತ್ತಾನೆ. ಸ್ಕಲಿ ಹೋಗುವುದಿಲ್ಲ. ಗಾಯಗೊಂಡು ಆಸ್ಪತ್ರೆಯಲ್ಲಿರುವ ಮಲ್ಡರ್‌ನ ಬಳಿ ಕುಳಿತಿರುತ್ತಾಳೆ. ತಂದೆ ಏನು ಹೇಳಬಯಸಿದ್ದರೆಂದು ತನಗೆ ಗೊತ್ತು, ಅವರು ತನ್ನ ತಂದೆಯಲ್ಲವೇ ಎಂಬುದು ಅವಳ ಉತ್ತರದ ಸಾರ.

ಎಲ್ಲರಿಗೂ ಈ ಸಮಾಧಾನ ದೊರೆಯದು. ಮಕ್ಕಳ ಬಗೆಗಿನ ಸಂತೋಷವನ್ನು ಮನಸ್ಸಿನಲ್ಲೇ ಇಟ್ಟುಕೊಂಡು, ತಪ್ಪುಗಳನ್ನು ಮಾತ್ರ ಬಾಯಿಬಿಟ್ಟು ಹೇಳುವ ತಂದೆಯರು ನಮ್ಮಲ್ಲೂ ಕಡಿಮೆಯಿಲ್ಲ. ಹೇಳಬೇಕಾದುದನ್ನು ಬದುಕಿರುವಾಗಲೇ ಹೇಳೋಣ. ಮಕ್ಕಳೂ ಕ್ಷಮೆ ಕೇಳಲು ಜನಾಝದ ದಿನದವರೆಗೆ ಕಾಯದಿರಲಿ.

ಇನ್ನು, ಅಗಲಿದವರಿಂದ ಮಾತು ಬರದಿದ್ದರೂ ಅವರಿಗೆ ಕಳುಹಿಸುವ ದಾರಿ ಮುಚ್ಚಿಲ್ಲ. ಮನುಷ್ಯ ಮರಣ ಹೊಂದಿದ ಬಳಿಕವೂ ನಿಲ್ಲದ ಮೂರು ಸಂಗತಿಗಳಲ್ಲಿ ಸಜ್ಜನ ಸಂತಾನದ ಪ್ರಾರ್ಥನೆಯೂ ಒಂದು. ಅದಕ್ಕೆ ಮಧ್ಯವರ್ತಿಯೂ ಬೇಡ, ಶುಲ್ಕವೂ ಬೇಡ. ನಮ್ಮ ಮಾತಾಪಿತರ ಮೇಲೆ ಅಲ್ಲಾಹನು ಕರುಣೆ ತೋರಲಿ, ಆಮೀನ್.