ನಡುಗುವ ಕೈ, ಹತ್ತು ಮೀಟರ್ ದೂರ

ಮೂರು ವರ್ಷಗಳ ಹಿಂದೆ, ನನ್ನ ಐವತ್ತೊಂದನೆಯ ವಯಸ್ಸಿನಲ್ಲಿ, ನಾನು ಪಿಸ್ತೂಲು ಹಿಡಿದೆ. ಹೀಗೆ ಬರೆದರೆ ಶರಣ ಬಂಧುಗಳು ಗಾಬರಿಯಾದಾರು. ಆದ್ದರಿಂದ ಅದು ಗಾಳಿಯ ಒತ್ತಡದಿಂದ ಸಣ್ಣ ಸೀಸದ ಗುಂಡನ್ನು ಕಾಗದದ ಮೇಲೆ ಹಾರಿಸುವ ಕ್ರೀಡಾ ಪಿಸ್ತೂಲು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ವಿಷಯವನ್ನು ಆರೋಗ್ಯ ವಿಭಾಗಕ್ಕೆ ಏಕೆ ಬರೆಯುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ.

ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಮಗಳು ಪಿಯುಸಿ ಓದುತ್ತಿದ್ದಾಗ ಹುಬ್ಬಳ್ಳಿಯ ಒಂದು ತರಬೇತಿ ಕೇಂದ್ರಕ್ಕೆ ಸೇರಿದಳು. ಸಂಜೆ ಅವಳನ್ನು ಸ್ಕೂಟರಿನಲ್ಲಿ ಕರೆದೊಯ್ದು, ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದುವುದು ನನ್ನ ಪಾಲಿನ ಕೆಲಸವಾಗಿತ್ತು. ಆರು ತಿಂಗಳ ಶುಲ್ಕವನ್ನು ಒಮ್ಮೆಗೇ ಕಟ್ಟಿದ್ದೆವು. ನಾಲ್ಕನೆಯ ತಿಂಗಳಿಗೆ ನೀಟ್ ಪರೀಕ್ಷೆಯ ಪಾಠಗಳು ಹೆಚ್ಚಾಗಿ ಮಗಳು ಬಿಟ್ಟುಬಿಟ್ಟಳು. ಉಳಿದ ಹಣ ಮರಳಿ ಬರುವಂತಿರಲಿಲ್ಲ. “ಹಂಗಾದ್ರ ಇನ್ನೆರಡು ತಿಂಗಳು ನೀವ ಬರ್ರಿ ಟೀಚರ್,” ಎಂದು ತರಬೇತುದಾರರು ನಕ್ಕರು. ಅವರು ಅಂದದ್ದು ತಮಾಷೆಗೆ. ನಾನು ಮರುದಿನ ನಿಜವಾಗಿಯೂ ಹೋದೆ.

ಉತ್ತರ ಪ್ರದೇಶದ ಬಾಗಪತ್ ಜಿಲ್ಲೆಯ ಜೋಹ್ರಿ ಗ್ರಾಮದ ಚಂದ್ರೋ ತೋಮರ್ ಅವರ ಹೆಸರು ಆಗ ನನಗೆ ತಿಳಿದಿರಲಿಲ್ಲ. ಮೊಮ್ಮಗಳಿಗೆ ಜೊತೆಯಾಗಿ ಹೋದ ಆ ಅಜ್ಜಿ ಅರವತ್ತು ದಾಟಿದ ಮೇಲೆ ಪಿಸ್ತೂಲು ಹಿಡಿದು, ಹಿರಿಯರ ಸ್ಪರ್ಧೆಗಳಲ್ಲಿ ಅನೇಕ ಪದಕಗಳನ್ನು ಗೆದ್ದು, 2021ರಲ್ಲಿ ಕೋವಿಡ್ ರೋಗದಿಂದ ತೀರಿಕೊಂಡರು. ಅವರ ಮತ್ತು ಅವರ ನೆಗೆಣ್ಣಿ ಪ್ರಕಾಶಿಯವರ ಬದುಕನ್ನು ಆಧರಿಸಿ 2019ರಲ್ಲಿ ಹಿಂದಿ ಚಲನಚಿತ್ರವೇ ಬಂದಿದೆ. ನಮ್ಮ ನಾಡಿನವರೇ ಆದ, ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್ 2004ರಲ್ಲಿ ಏರ್ ರೈಫಲ್‌ನಲ್ಲಿ 400ಕ್ಕೆ 400 ಅಂಕ ಪಡೆದವರು. ಮುಂದೆ ಅವರು ತರಬೇತಿ ನೀಡಿದ ಅವನಿ ಲೇಖರಾ, ಗಾಲಿಕುರ್ಚಿಯಲ್ಲಿ ಕುಳಿತು, ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ನನ್ನ ಕಥೆಯಲ್ಲಿ ಪದಕಗಳಿಲ್ಲ.

ಮನೆಯಲ್ಲಿ ಮೊದಲು ಮಾತೆತ್ತಿದವರು ಅತ್ತೆಯವರು. “ನಮ್ಮ ಮನಿತನದಾಗ ಇರುವಿ ಮ್ಯಾಲ ಕಾಲಿಡಾಕ ಅಂಜತಾರ, ನೀ ಬಂದೂಕ ಹಿಡೀತೀಯೇನವಾ?” ಎಂದು ಕೇಳಿದರು. ದಯೆಯೇ ಧರ್ಮದ ಬೇರು ಎಂದು ನಂಬಿದವರ ಮನೆಯಲ್ಲಿ ಆ ಪ್ರಶ್ನೆ ಏಳದಿದ್ದರೆ ತಪ್ಪಾಗುತ್ತಿತ್ತು. ಏರ್ ಗನ್ ಆಟಿಕೆಯಲ್ಲ. ಅದರಿಂದ ಹಕ್ಕಿ ಸಾಯುತ್ತದೆ, ಮಗುವಿನ ಕಣ್ಣು ಹೋಗುತ್ತದೆ. ನಿಗದಿತ ಶಕ್ತಿಗಿಂತ ಕಡಿಮೆಯ, 4.5 ಮಿಲಿಮೀಟರ್ ಗುಂಡಿನ ಏರ್ ಗನ್‌ಗೆ ನಮ್ಮ ದೇಶದಲ್ಲಿ ಪರವಾನಗಿ ಬೇಕಿಲ್ಲ ಎಂಬ ಒಂದೇ ಧೈರ್ಯದಲ್ಲಿ ತೋಟದ ಗಿಳಿ, ಪಾರಿವಾಳಗಳ ಮೇಲೆ ಗುರಿ ಹಿಡಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ತರಬೇತಿ ಕೇಂದ್ರದಲ್ಲಿ ಮೊದಲ ಒಂದು ವಾರ ಗುಂಡನ್ನೇ ಕೊಡಲಿಲ್ಲ. ನಳಿಗೆ ಸದಾ ಗುರಿಯ ಕಡೆಗೇ ಇರಬೇಕು. ಗುರಿ ಹಿಡಿಯುವವರೆಗೆ ಬೆರಳು ಟ್ರಿಗರಿನ ಹೊರಗಿರಬೇಕು. ಅಪ್ಪಣೆಯಾಗದೆ ಗುಂಡು ತುಂಬಬಾರದು. ಈ ಮೂರನ್ನೇ ಏಳು ದಿನ ಕಲಿಸಿದರು. ಅತ್ತೆಯವರನ್ನು ಒಂದು ಸಂಜೆ ಕರೆದುಕೊಂಡು ಹೋಗಿ ಅದನ್ನೆಲ್ಲ ತೋರಿಸಿದೆ. ಅವರು ಪೂರ್ತಿ ಒಪ್ಪಿದರೆಂದು ಹೇಳಲಾರೆ. ಬೇಡವೆನ್ನುವುದನ್ನು ಮಾತ್ರ ನಿಲ್ಲಿಸಿದರು.

ಈ ಕ್ರೀಡೆಯನ್ನು ಕಾಣದವರಿಗಾಗಿ ನಾಲ್ಕು ಮಾತು. ಗುರಿಯ ಹಾಳೆ ಹತ್ತು ಮೀಟರ್ ದೂರದಲ್ಲಿ ಇರುತ್ತದೆ. ಅದರ ನಡುವಿನ, ಹತ್ತು ಅಂಕದ ವೃತ್ತದ ಅಡ್ಡಳತೆ 11.5 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಅಂಗಿಯ ಗುಂಡಿಯಷ್ಟು. ಪಿಸ್ತೂಲು ಸುಮಾರು ಒಂದು ಕಿಲೋ ತೂಗುತ್ತದೆ. ಅದನ್ನು ಒಂದೇ ಕೈಯಲ್ಲಿ ಹಿಡಿಯಬೇಕು. ತೋಳಿಗೆ ಬೇರಾವ ಆಸರೆಯೂ ಇರಕೂಡದು. ಇನ್ನೊಂದು ಕೈಯನ್ನು ಜೇಬಿನಲ್ಲಿ ಇಟ್ಟುಕೊಳ್ಳುವುದು ರೂಢಿ. ಸೀರೆಗೆ ಜೇಬೆಲ್ಲಿಂದ ಬರಬೇಕು? ನಾನು ಹೆಬ್ಬೆರಳನ್ನು ಸೊಂಟದ ನೆರಿಗೆಗೆ ಸಿಕ್ಕಿಸಿ ನಿಲ್ಲುತ್ತಿದ್ದೆ. ಉಸಿರನ್ನು ಅರ್ಧ ಬಿಟ್ಟು ತಡೆದು, ಐದಾರು ಸೆಕೆಂಡುಗಳಲ್ಲಿ ಟ್ರಿಗರನ್ನು ಮೆಲ್ಲಗೆ ಹಿಂಡಬೇಕು. ಆ ಹೊತ್ತಿನಲ್ಲಿ ಗುಂಡು ಹೋಗದಿದ್ದರೆ ಹಟ ಮಾಡದೆ ಕೈ ಕೆಳಗಿಳಿಸಬೇಕು. ಹೀಗೆ ಕೈ ಇಳಿಸುವುದೇ ನನಗೆ ಎಲ್ಲಕ್ಕಿಂತ ಕಠಿಣವಾಗಿ ಕಂಡಿತು. ಎತ್ತಿಕೊಂಡ ಕೆಲಸವನ್ನು ಮುಗಿಸಿಯೇ ಏಳುವ ಅಭ್ಯಾಸ ಮೂವತ್ತು ವರ್ಷದ ಸಂಸಾರದಲ್ಲಿ ಮೈಗೆ ಹತ್ತಿಹೋಗಿತ್ತು. ಕಣ್ಣು ಒಂದೇ ಕಡೆ ನೆಟ್ಟಿರುವುದರಿಂದ ಇದೂ ಒಂದು ಬಗೆಯ ಪೂಜೆಯೇ ಅಲ್ಲವೇ ಎಂದು ಪರಿಚಿತರೊಬ್ಬರು ಕೇಳಿದ್ದುಂಟು. ನಾನು ಒಪ್ಪಲಿಲ್ಲ. ಪೂಜೆಯಲ್ಲಿ ಅಂಕ ಕೊಡುವವರಿಲ್ಲ.

ಮೊದಲ ತಿಂಗಳು ನನ್ನ ಗುಂಡುಗಳು ಹಾಳೆಯ ತುಂಬ ಸಾಸಿವೆ ಚೆಲ್ಲಿದಂತೆ ಬೀಳುತ್ತಿದ್ದವು. ಹೊಸಬರಿಗೆ ಅದು ಸಹಜ. ಕೈ ಅಲುಗುವುದಕ್ಕಿಂತ ಮಣಿಕಟ್ಟು ಬಾಗುವುದೇ ಹೆಚ್ಚು ಕೆಡುಕು ಎಂದು ತರಬೇತುದಾರರು ವಿವರಿಸಿದರು. ವಿಜ್ಞಾನದವಳಾದ ನಾನು ಅದನ್ನು ಲೆಕ್ಕ ಹಾಕಿಯೇ ನೋಡಿದೆ. ತೋಳು ಇಡಿಯಾಗಿ ಒಂದು ಮಿಲಿಮೀಟರ್ ಸರಿದರೆ ಗುಂಡೂ ಒಂದೇ ಮಿಲಿಮೀಟರ್ ಸರಿಯುತ್ತದೆ. ನಳಿಗೆಯ ತುದಿಯ ಕಡ್ಡಿ ಹಿಂದಿನ ಕಚ್ಚಿನ ನಡುವಿನಿಂದ ಒಂದು ಮಿಲಿಮೀಟರ್ ತಪ್ಪಿದರೆ ಮಾತ್ರ, ಹತ್ತು ಮೀಟರ್ ಆಚೆ ಗುಂಡು ಸುಮಾರು ಮೂರು ಸೆಂಟಿಮೀಟರ್ ದೂರ ಹೋಗುತ್ತದೆ. ಕೈ ಯಾರದ್ದಾದರೂ ಅಲುಗುತ್ತದೆ, ಒಲಿಂಪಿಕ್ಸ್‌ಗೆ ಹೋದವರದ್ದೂ ಅಲುಗುತ್ತದೆ ಎಂದು ಅವರು ಧೈರ್ಯ ಹೇಳಿದರು.

ಆದರೆ ಎರಡನೆಯ ತಿಂಗಳಿನಲ್ಲಿ ಅವರೇ ಒಂದು ಸಂಜೆ ನನ್ನ ಪಕ್ಕದಲ್ಲಿ ಬಹಳ ಹೊತ್ತು ನಿಂತರು. “ಚಹಾ ಜಾಸ್ತಿ ಕುಡೀತೀರೇನ್ರಿ?” ಎಂದರು. ಇಲ್ಲವೆಂದೆ. “ರಾತ್ರಿ ನಿದ್ದಿ?” ಎಂದರು. ಸುಮ್ಮನಾದೆ. “ಇದು ದಣಿವಿನ ನಡುಕ ಅಲ್ರಿ ಟೀಚರ್. ಸಣ್ಣಗ, ಎಡೆಬಿಡದ ಐತಿ. ಒಮ್ಮೆ ಡಾಕ್ಟರಿಗೆ ತೋರಸ್ರಿ,” ಎಂದರು.

ಆ ನಡುಕ ನನಗೆ ಹೊಸದಾಗಿರಲಿಲ್ಲ. ಒಂದು ವರ್ಷದಿಂದ ಊಟಕ್ಕೆ ಬಡಿಸುವಾಗ ಮಜ್ಜಿಗೆಯ ಸೌಟು ತಾಟಿಗೆ ತಾಗಿ ಸದ್ದು ಮಾಡುತ್ತಿತ್ತು. ಸೌಟನ್ನು ಬಿಟ್ಟು ತಂಬಿಗೆಯಿಂದಲೇ ಸುರಿಯತೊಡಗಿದ್ದೆ. ಹಲಗೆಯ ಮೇಲೆ ಬರೆಯುವುದನ್ನು ಕಡಿಮೆ ಮಾಡಿ ಮಕ್ಕಳಿಂದ ಬರೆಸುತ್ತಿದ್ದೆ. ಅವರೂ ಅದನ್ನು ಗೌರವವೆಂದೇ ಭಾವಿಸಿದರು. ನಮ್ಮ ಅವ್ವ ಕೊನೆಯ ಎಂಟು ವರ್ಷ ಪಾರ್ಕಿನ್ಸನ್ ಕಾಯಿಲೆಯಿಂದ ನರಳಿ ಹೋದವಳು. ಅವಳ ಬಾಯಿಗೆ ಗಂಜಿ ಹಾಕಿದ ಕೈ ನನ್ನದು. ಆದ್ದರಿಂದ ನನ್ನ ಕೈ ನಡುಗತೊಡಗಿದಾಗ ಪರೀಕ್ಷೆ ಮಾಡಿಸಿದರೆ ಅದೇ ಹೆಸರು ಬಂದೀತೆಂದು ಹೆದರಿ, ಯಾರಿಗೂ ಕಾಣದಂತೆ ಬದುಕುವುದನ್ನು ಕಲಿತಿದ್ದೆ. ತರಬೇತುದಾರರು ಹೇಳಿದ ಮೇಲೂ ಎರಡು ವಾರ ತಡಮಾಡಿದೆ. ಆದರೆ ಪ್ರತಿ ಸಂಜೆ ಆ ಹಾಳೆಯನ್ನು ಕೈಯಲ್ಲಿ ಹಿಡಿದು ಮನೆಗೆ ಬರುವಾಗ ಸುಳ್ಳು ಹೇಳಿಕೊಳ್ಳುವುದು ಕಷ್ಟವಾಯಿತು.

ವೈದ್ಯರು ನನ್ನ ಎರಡೂ ಕೈಗಳನ್ನು ಮುಂದಕ್ಕೆ ಚಾಚಿಸಿ, ಬೆರಳುಗಳ ಮೇಲೆ ಒಂದು ಬಿಳಿ ಹಾಳೆಯನ್ನು ಇಟ್ಟರು. ಹಾಳೆ ಗಾಳಿಗೆ ಸಿಕ್ಕಂತೆ ಅದುರಿತು. ನಾಡಿ ನಿಮಿಷಕ್ಕೆ 112 ಇತ್ತು. ತೂಕ ಒಂದು ವರ್ಷದಲ್ಲಿ ಆರು ಕಿಲೋ ಇಳಿದಿತ್ತು. ಪಾರ್ಕಿನ್ಸನ್ ನಡುಕ ಸಾಮಾನ್ಯವಾಗಿ ಕೈ ಸುಮ್ಮನೆ ಮಡಿಲಲ್ಲಿರುವಾಗ ಕಾಣುತ್ತದೆ, ಚಾಚಿದ ಕೈಯ ಸಣ್ಣ ನಡುಕಕ್ಕೆ ಮೊದಲು ಬೇರೆ ಕಾರಣಗಳನ್ನು ನೋಡಬೇಕು ಎಂದು ಹೇಳಿ ರಕ್ತಪರೀಕ್ಷೆಗೆ ಬರೆದರು. ಥೈರಾಯ್ಡ್ ಗ್ರಂಥಿ ಅಗತ್ಯಕ್ಕಿಂತ ಹೆಚ್ಚು ಕೆಲಸ ಮಾಡುತ್ತಿತ್ತು.

ಎದೆ ಬಡಿತ, ಸೆಖೆ ತಾಳಲಾಗದಿರುವುದು, ಬೆವರು, ನಿದ್ದೆಗೇಡು, ಸಣ್ಣದಕ್ಕೂ ಸಿಡುಕು, ತಿಂದರೂ ಮೈ ಇಳಿಯುವುದು. ಇವೆಲ್ಲ ಆ ಕಾಯಿಲೆಯ ಲಕ್ಷಣಗಳು. ಇವುಗಳಲ್ಲಿ ಹೆಚ್ಚಿನವನ್ನು ನಾನೂ, ನನ್ನ ಸುತ್ತಲಿನವರೂ ಮುಟ್ಟು ನಿಲ್ಲುವ ವಯಸ್ಸಿನ ತಲೆಗೆ ಕಟ್ಟಿದ್ದೆವು. “ಈ ವಯಸ್ಸಿನ್ಯಾಗ ಹಂಗ ಆಗತೈತಿ” ಎಂಬ ಒಂದು ಮಾತು ನಮ್ಮ ಹೆಣ್ಣುಮಕ್ಕಳ ಎಷ್ಟು ಕಾಯಿಲೆಗಳನ್ನು ವರ್ಷಗಟ್ಟಲೆ ಮುಚ್ಚಿಡುತ್ತಿದೆಯೋ ದೇವರೇ ಬಲ್ಲ. ನಲವತ್ತೈದು ದಾಟಿದವರಲ್ಲಿ ಇವುಗಳ ಪೈಕಿ ಎರಡು ಮೂರು ಒಟ್ಟಿಗೆ ಕಂಡರೆ, ವಯಸ್ಸನ್ನು ದೂರುವ ಮೊದಲು ವೈದ್ಯರನ್ನು ಕಂಡು ಥೈರಾಯ್ಡ್ ಪರೀಕ್ಷೆಯ ಬಗ್ಗೆ ಕೇಳಿರಿ. ಅದು ಒಂದು ಸಾಮಾನ್ಯ ರಕ್ತಪರೀಕ್ಷೆ.

ಗ್ರಂಥಿಯನ್ನು ಹದಕ್ಕೆ ತರಲು ಕಾರ್ಬಿಮಜೋಲ್ ಮಾತ್ರೆ ಕೊಟ್ಟರು. ಜ್ವರ ಅಥವಾ ಗಂಟಲು ನೋವು ಬಂದರೆ ಕೂಡಲೇ ತಿಳಿಸಬೇಕು, ರಕ್ತದ ಬಿಳಿಕಣಗಳನ್ನು ನೋಡಬೇಕಾಗುತ್ತದೆ ಎಂದು ಎಚ್ಚರಿಸಿದರು. ಅದು ಪರಿಣಾಮ ಬೀರಲು ಕೆಲವು ವಾರ ಬೇಕಾದ್ದರಿಂದ, ಅಷ್ಟರವರೆಗೆ ಎದೆಬಡಿತ ಮತ್ತು ನಡುಕಕ್ಕೆಂದು ಪ್ರೊಪ್ರನೊಲಾಲ್ ಬರೆದುಕೊಟ್ಟರು.

ಮುಂದಿನದು ಹೇಳಿಕೊಳ್ಳಲು ತುಸು ನಾಚಿಕೆಯ ಸಂಗತಿ. ಆ ಮಾತ್ರೆ ಶುರುವಾದ ಹತ್ತನೆಯ ದಿನ ನಾನು ಅರವತ್ತು ಗುಂಡುಗಳಲ್ಲಿ, 600ಕ್ಕೆ, 497 ಅಂಕ ಪಡೆದೆ. ಅದರ ಹಿಂದೆ 430 ದಾಟಿರಲಿಲ್ಲ. ಗುಂಡುಗಳು ಒಂದು ಹಿಡಿಯಷ್ಟು ಜಾಗದಲ್ಲಿ ಗುಂಪಾಗಿ ಬಿದ್ದಿದ್ದವು. ನನಗೆ ವಿದ್ಯೆ ಕೈಗೂಡಿತೆಂದು ಹಿಗ್ಗಿ, ಹಾಳೆಗಳನ್ನು ಜೋಡಿಸಿ ತರಬೇತುದಾರರಿಗೆ ಒಯ್ದು ತೋರಿಸಿದೆ. ಅವರು ಹಾಳೆಯನ್ನಲ್ಲ, ನನ್ನನ್ನು ನೋಡಿ, “ಡಾಕ್ಟರ್ ಯಾವ ಗುಳಿಗಿ ಕೊಟ್ಟಾರ?” ಎಂದರು. ಹೆಸರು ಹೇಳಿದೊಡನೆ ನಕ್ಕು, ಮುಂದಿನ ತಿಂಗಳ ಸ್ಪರ್ಧೆಯ ಪಟ್ಟಿಯಿಂದ ನನ್ನ ಹೆಸರನ್ನು ಹೊಡೆದುಹಾಕಿದರು.

ಹೃದಯದ ಬಡಿತವನ್ನು ನಿಧಾನಗೊಳಿಸಿ ನಡುಕವನ್ನು ತಗ್ಗಿಸುವ ಈ ಬೀಟಾ ಬ್ಲಾಕರ್ ಔಷಧಿಗಳು ಗುರಿ ಹೊಡೆಯುವ ಕ್ರೀಡೆಯಲ್ಲಿ ಸ್ಪರ್ಧೆಯ ದಿನವಷ್ಟೇ ಅಲ್ಲ, ಸದಾಕಾಲವೂ ನಿಷಿದ್ಧ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಪಿಸ್ತೂಲು ಸ್ಪರ್ಧಿ ಕಿಮ್ ಜಾಂಗ್-ಸು ಇದೇ ಪ್ರೊಪ್ರನೊಲಾಲ್ ಸೇವಿಸಿದ್ದು ಪತ್ತೆಯಾಗಿ, ಗೆದ್ದ ಎರಡೂ ಪದಕಗಳನ್ನು ಹಿಂದಿರುಗಿಸಬೇಕಾಯಿತು. ನಮ್ಮ ಊರಿನ ಸ್ಪರ್ಧೆಯಲ್ಲಿ ಯಾರೂ ನನ್ನ ಮೂತ್ರವನ್ನು ಪರೀಕ್ಷಿಸುತ್ತಿರಲಿಲ್ಲ. ಆದರೂ ಹೆಸರು ಹೊಡೆದುಹಾಕಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಇದನ್ನು ಓದಿ ಯಾರೂ ಪರೀಕ್ಷೆಯ ಅಂಜಿಕೆಗೋ ಭಾಷಣದ ನಡುಕಕ್ಕೋ ಈ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಬಾರದು. ಅಸ್ತಮಾ ಇದ್ದವರಿಗೆ ಅದು ಅಪಾಯಕಾರಿ. ತೆಗೆದುಕೊಳ್ಳುವವರೂ ವೈದ್ಯರನ್ನು ಕೇಳದೆ ಏಕಾಏಕಿ ನಿಲ್ಲಿಸುವಂತಿಲ್ಲ.

ಎರಡು ತಿಂಗಳಲ್ಲಿ ಗ್ರಂಥಿ ಹದಕ್ಕೆ ಬಂತು, ಆ ಮಾತ್ರೆ ಕ್ರಮೇಣ ನಿಂತಿತು. ಅಂಕ 460ಕ್ಕೆ ಇಳಿಯಿತು. ಅದು ನನ್ನ ಸ್ವಂತ ಕೈಯ ಅಂಕ.

ನನ್ನ ಅಭಿಪ್ರಾಯವನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ನಮ್ಮಂಥ ಪತ್ರಿಕೆಗಳ ಆರೋಗ್ಯ ಪುಟಗಳು ಮಧ್ಯವಯಸ್ಸಿನ ಮಹಿಳೆಗೆ ಹೇಳುವುದು ಎರಡೇ ಮಾತು: ಸಿರಿಧಾನ್ಯ ತಿನ್ನು, ಬೆಳಿಗ್ಗೆ ನಡೆ. ಎರಡೂ ಒಳ್ಳೆಯವೇ. ಆದರೆ ಸಿರಿಧಾನ್ಯವನ್ನು ಮನೆಮಂದಿಗೆಲ್ಲ ಅವಳೇ ಬೇಯಿಸಬೇಕು. ನಡೆಯುವಾಗ ಅವಳ ತಲೆಯಲ್ಲಿ ಮಧ್ಯಾಹ್ನದ ಪಲ್ಯವೇ ಇರುತ್ತದೆ. ತನ್ನ ಉಸಿರು, ತನ್ನ ಪಾದ, ತನ್ನ ಬೆರಳು ಹೇಗಿವೆ ಎಂದು ಒಂದು ಗಂಟೆ ಬೇರೇನನ್ನೂ ಎಣಿಸದೆ ನೋಡಿಕೊಳ್ಳುವ ಕೆಲಸವೊಂದು ಅವಳಿಗೆ ಬೇಕು. ಅದು ಗುರಿ ಹೊಡೆಯುವುದೇ ಆಗಬೇಕಿಲ್ಲ. ವೀಣೆಯಾಗಲಿ, ಈಜಾಗಲಿ, ಮನೆಗೆ ಯಾವ ಪ್ರಯೋಜನಕ್ಕೂ ಬಾರದ ಏನಾದರೂ ಆಗಲಿ. “ಇದರಿಂದ ಏನು ಉಪಯೋಗ?” ಎಂದು ಗಂಡಸರ ಇಸ್ಪೀಟನ್ನೂ ಕ್ರಿಕೆಟನ್ನೂ ಕೇಳದ ನಾವು, ಹೆಂಗಸಿನ ಹವ್ಯಾಸವನ್ನು ಮಾತ್ರ ಕೇಳುತ್ತೇವೆ.

ಈ ಕ್ರೀಡೆಯನ್ನೇ ಆರಿಸಿಕೊಳ್ಳುವವರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಸ್ಪರ್ಧೆಗೆ ತಕ್ಕ ಪಿಸ್ತೂಲಿನ ಬೆಲೆ ಲಕ್ಷ ರೂಪಾಯಿಗೂ ಹೆಚ್ಚು. ನಾನು ಇಂದಿಗೂ ಕೊಂಡಿಲ್ಲ, ಕೇಂದ್ರದ್ದನ್ನೇ ಬಳಸುತ್ತೇನೆ. ಚಾಳೀಸು ಬಂದವರಿಗೆ ಓದುವ ಕನ್ನಡಕದಲ್ಲಾಗಲಿ ದೂರದ ಕನ್ನಡಕದಲ್ಲಾಗಲಿ ನಳಿಗೆಯ ತುದಿ ಸ್ಪಷ್ಟವಾಗಿ ಕಾಣುವುದಿಲ್ಲ. ಚಾಚಿದ ತೋಳಿನ ಅಳತೆಯನ್ನು ಕಣ್ಣಿನ ವೈದ್ಯರಿಗೆ ಹೇಳಿ ಆ ದೂರಕ್ಕೆ ತಕ್ಕ ಗಾಜು ಮಾಡಿಸಿಕೊಳ್ಳಬೇಕು. ಗುರಿಯ ಕಪ್ಪು ವೃತ್ತ ಮಸುಕಾಗಿ ಕಂಡರೆ ಚಿಂತೆಯಿಲ್ಲ. ಭುಜದ ಕೀಲು ನೋಯುವವರು, ಅಧಿಕ ರಕ್ತದೊತ್ತಡವಿರುವವರು ವೈದ್ಯರನ್ನು ಕೇಳಿ ಆರಂಭಿಸುವುದು ಒಳಿತು. ಎಲ್ಲಕ್ಕಿಂತ ಮುಖ್ಯವಾದುದು ಸೀಸ. ಗುಂಡುಗಳನ್ನು ಬೆರಳಿನಿಂದಲೇ ತುಂಬುವುದರಿಂದ ಅದರ ಪುಡಿ ಕೈಗೆ ಅಂಟುತ್ತದೆ. ಕೈಯನ್ನು ಸಾಬೂನು ಹಚ್ಚಿ ತೊಳೆಯದೆ ಏನನ್ನೂ ತಿನ್ನಬಾರದು. ಮಕ್ಕಳಿಗೂ ಬಸುರಿಯರಿಗೂ ಈ ಎಚ್ಚರ ಇನ್ನೂ ಹೆಚ್ಚು ಬೇಕು. ನಾನು ಹೋಗುವ ಕೇಂದ್ರದಲ್ಲಿ ಗೋಡೆಯ ತುಂಬ ಪದಕ ಗೆದ್ದವರ ಚಿತ್ರಗಳಿದ್ದವು, ಕೈ ತೊಳೆಯಲು ಒಂದು ನಲ್ಲಿ ಇರಲಿಲ್ಲ. ಎಂಟು ತಿಂಗಳು ಕಾಡಿದ ಮೇಲೆ ಕಳೆದ ದೀಪಾವಳಿಗೆ ನಲ್ಲಿ ಬಂತು. ಸಾಬೂನನ್ನು ಈಗಲೂ ನಾನೇ ಒಯ್ಯುತ್ತೇನೆ.

ವಾರಕ್ಕೆ ಮೂರು ಸಂಜೆ ಹೋಗುತ್ತಿದ್ದೇನೆ, ಈಗ ಜೇಬಿರುವ ಚೂಡಿದಾರ ತೊಟ್ಟು. ಕಳೆದ ವಾರದ ಅಂಕ 481. ಅತ್ತೆಯವರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತೂತುಗಳನ್ನು ಎಣಿಸಿ, ಒಂದು ಕಡಿಮೆ ಬಂತಲ್ಲ ಎಂದರು. ಎರಡು ಗುಂಡು ಒಂದೇ ತೂತಿನಲ್ಲಿ ಹೋಗಿದ್ದವು. ಮುಂದಿನ ಥೈರಾಯ್ಡ್ ಪರೀಕ್ಷೆ ಶ್ರಾವಣದಲ್ಲಿದೆ. ಈ ಸಲ ಅವರನ್ನೂ ಕರೆದುಕೊಂಡು ಹೋಗಿ, ಅವರದ್ದನ್ನೂ ಮಾಡಿಸಬೇಕೆಂದಿದ್ದೇನೆ.