ಕರಿಯನ ಫೋಟೊ

ಮಕ್ಕಳೇ, ನಮ್ಮ ನಾಯಿ ಕರಿಯನಿಗೆ ಈಗ 13 ವರ್ಷ. ಹಿಂಗಾಲು ಸೋತಿವೆ. “ತಾತ, ಅವನದೊಂದು ಒಳ್ಳೆ ಫೋಟೊನೇ ಇಲ್ವಲ್ಲ!” ಎಂದಳು ಮೊಮ್ಮಗಳು. ಇದ್ದದ್ದೆಲ್ಲ ಬರೀ ಬಾಲ, ಬೆನ್ನು. ಬ್ಯಾಂಕಿನಲ್ಲಿ 35 ವರ್ಷ ಗಿರಾಕಿಗಳ ಫೋಟೊ ಅಂಟಿಸಿದವನಿಗೆ ನಾಚಿಕೆಯಾಯಿತು.

ಸ್ನಾನ ಮಾಡಿಸಿ, ಬಿಳಿ ಗೋಡೆಯ ಮುಂದೆ ಕೂರಿಸಿ, ನಿಂತಲ್ಲಿಂದಲೇ ಫ್ಲ್ಯಾಶ್ ಹಾಕಿ ತೆಗೆದೆ. ಬಂದದ್ದು ಎರಡು ಹಸಿರು ದೀಪ ಹೊತ್ತಿದ ಇದ್ದಿಲ ಮೂಟೆ! ನಾಯಿಯ ಕಣ್ಣಿನೊಳಗೆ ಬೆಳಕನ್ನು ವಾಪಸು ಕಳಿಸುವ ಪದರವಿದೆ, ಹೊಳೆದದ್ದು ಅದು. 1870ರ ದಶಕದಲ್ಲೇ ಇಂಗ್ಲೆಂಡಿನ ಬ್ರೈಟನ್ ಊರಿನ ಹ್ಯಾರಿ ಪಾಯಿಂಟರ್ ಬೆಕ್ಕುಗಳನ್ನು ಕೂರಿಸಿ ಫೋಟೊ ತೆಗೆದು ಮಾರುತ್ತಿದ್ದರಂತೆ. ನನಗೊಂದು ನಾಯಿ ಆಗದೇ?

ಮರುದಿನ ಬೆಳಿಗ್ಗೆ ಕಿಟಕಿ ಪಕ್ಕ ಅವನ ಹಳೇ ಗೋಣಿಚೀಲ ಹಾಸಿದೆವು. ತಾನಾಗಿ ಬಂದು ಕೂತ. ಫ್ಲ್ಯಾಶ್ ಬೇಡ. ಕ್ಯಾಮೆರಾ ಅವನ ಕಣ್ಣಿನ ಮಟ್ಟಕ್ಕೆ ಬರಬೇಕೆಂದು, ಮೊಣಕಾಲು ಬೈದರೂ, ನೆಲದ ಮೇಲೆ ಬೋರಲು ಮಲಗಿದೆ. ಮೊಮ್ಮಗಳು ನನ್ನ ಹಿಂದೆ ನಿಂತು ರಸ್ಕ್ ಪೊಟ್ಟಣವನ್ನು ಪರಪರ ಎನ್ನಿಸಿದಳು. ಕರಿಯ ಕಿವಿ ನಿಮಿರಿಸಿ ನೋಡಿದ. ಅಷ್ಟೇ, ಒಂದು ಕ್ಷಣ. ಕಣ್ಣಲ್ಲಿ ಕಿಟಕಿಯೇ ಕಾಣುತ್ತದೆ!

ಚೌಕಟ್ಟು ಹಾಕಿಸಿ ಮೊಳೆ ಹುಡುಕುತ್ತಿದ್ದೆ. “ಗೋಡೆಗೆ ಬೇಡ, ಅಲ್ಲಿರೋರೆಲ್ಲ ಹೋದವರು” ಎಂದಳು ನನ್ನಾಕೆ. ಟಿವಿ ಪಕ್ಕ ಇಟ್ಟಿದ್ದೇವೆ. ಅದರ ಕೆಳಗೇ ಕರಿಯ ಮಲಗಿ ಗೊರಕೆ ಹೊಡೆಯುತ್ತಾನೆ.